ಚಿಕ್ಕ ಚೀಲ, ಖಾಲಿ ಕೈ

ಪುಣೆದಾಗಿನ ನಮ್ಮ ಕಡೀ ಮಂದಿಗೆ ನೀವು ಊರಿಗೆ ಹೊಂಟದ್ದು ಗೊತ್ತಾತಂದ್ರ ಮುಗೀತು. "ಏನಿಲ್ರಿ, ಇಷ್ಟೇ ಸಣ್ಣ ಗಂಟು" ಅಂತ ಒಬ್ಬೊಬ್ಬರೇ ಬರ್ತಾರ. ಎಪ್ಪತ್ತರ ದಶಕದಾಗ ನಾನು ಪಿಂಪ್ರಿಯ ಒಂದು ಕಾರ್ಖಾನೆಯೊಳಗ ಫಿಟರ್ ಇದ್ದೆ. ಈ ಗಂಟುಗಳ ಕಾಟಕ್ಕ ನನ್ನ ಮದುವಿನೇ ತಪ್ಪೋದಿತ್ತು.

೧. ಸೂಟ್‌ಕೇಸಿನ ವಾಸನಿ

ಮೊದಲ ಸಲ ಕನ್ಯಾ ನೋಡಲಿಕ್ಕೆ ನಮ್ಮೂರು ಕಲಬುರ್ಗಿಗೆ ದೊಡ್ಡ ಸೂಟ್‌ಕೇಸ್ ಒಯ್ದೆ. ಒಳಗ ಜಾಗಾ ಅದ ಅಂತ ಕಂಡು ಬಾಜೂ ಮನಿ ವೈನಿ ತಮ್ಮ ಅವ್ವಗಂತ ಉಪ್ಪಿನಕಾಯಿ ಡಬ್ಬಿ ತುರುಕಿದ್ರು. ಸೊಲ್ಲಾಪುರ ದಾಟೂದ್ರೊಳಗ ಮುಚ್ಚಳ ಸಡಲಾಗಿ ನನ್ನ ಹೊಸಾ ಟೆರಿಕಾಟ್ ಅಂಗಿ ಎಣ್ಣಿ ಕುಡೀತು. ಬ್ಯಾರೆ ಅಂಗಿ ಇಲ್ಲ. ಅದನ್ನೇ ಒರಿಸಿ ಹಾಕ್ಕೊಂಡು ಹೋದೆ.

ಹುಡುಗಿ ಅಪ್ಪ ಮೂಗು ಏರಿಸಿ ಕೇಳಿದ್ರು, "ನಿಮ್ಮ ಕಾರ್ಖಾನಿಯೊಳಗ ಏನು ತಯಾರಾಗ್ತದ್ರಿ?"

"ಮಶೀನಿನ ಸಾಮಾನ್ರಿ."

"ಹೌದಾ? ನಾವು ಉಪ್ಪಿನಕಾಯಿ ಅಂದ್ಕೊಂಡಿದ್ವಿ."

ಆ ಸಂಬಂಧ ಅಲ್ಲಿಗೇ ಮುರೀತು.

೨. ಉಲ್ಟಾ ಗಿರಾಕಿ

ವರ್ಷದ ಮ್ಯಾಲ ಕಲಬುರ್ಗಿದೇ ಇನ್ನೊಂದು ಸಂಬಂಧ ಬಂತು. "ಇದೂ ಕೆಡಿಸಿಕೊಂಡಿ ಅಂದ್ರ ನಾ ಇನ್ನ ಹುಡುಗಿ ಹುಡುಕಂಗಿಲ್ಲ, ಸನ್ಯಾಸಿ ಆಗು" ಅಂತ ಅವ್ವ ಹೇಳಿ ಕಳಿಸಿದ್ಳು. ಈ ಸಲ ಒಬ್ಬರ ಗಂಟೂ ಹಿಡಿಯಲಾರದಂಥ ಚೀಲ ತಗೋಬೇಕು ಅಂತ ನಿರ್ಧಾರ ಮಾಡಿದೆ.

ದೇಹೂ ರೋಡಿನ ಬಜಾರದಾಗ ಸೈನಿಕರು ಬೆನ್ನಿಗೆ ಹಾಕ್ಕೋತಾರಲ್ಲ, ಅಂಥ ಚೀಲ ಸಿಗ್ತಿದ್ವು. ಅಂಗಡಿಯಂವ ಒಂದು ಸಣ್ಣದು ತಂದಿಟ್ಟ. ವೈನಿಯವರ ಡಬ್ಬಿಯಷ್ಟೇ ದೊಡ್ಡ ಡಬ್ಬಿ ನಾ ಜೊತಿಗೇ ಒಯ್ದಿದ್ದೆ. "ಇದು ಇದ್ರಾಗ ಕೂಡ್ತದೇನು?" ಅಂತ ಮರಾಠಿಯೊಳಗ ಕೇಳಿದೆ. ಪಾಪ, ಅವ ಬೆವರು ಸುರಿಸಿ, ತಿರುವಿ ಮುರುವಿ, ಮೊಣಕಾಲಿಲೆ ಒತ್ತಿ ಕೂಡಿಸೇಬಿಟ್ಟ. "ನೋಡ್ರಿ, ಕೂತ್ತಲ್ಲ!"

"ಹಂಗಾರ ಬ್ಯಾಡ."

ಅದಕ್ಕಿಂತ ಸಣ್ಣದು ತಂದ. ಅದಕ್ಕೆ ಡಬ್ಬಿ ಏನು ಮಾಡಿದ್ರೂ ಹೋಗಲಿಲ್ಲ. ನನಗ ಕುಣೀಬೇಕು ಅನ್ನಿಸ್ತು. "ಭಾಳ ಛಲೋ ಅದ, ಕಟ್ಟು" ಅಂದೆ. ಅವ ಚೀಲ ಕೊಟ್ಟು, "ಸಾಹೇಬ್ರ, ಡಬ್ಬಿ ತಲೀ ಮ್ಯಾಲ ಇಟ್ಕೊಂಡು ಹೋಗ್ತೀರೇನು?" ಅಂದ.

೩. ಬೀಳ್ಕೊಡಿಗೆ

ಹೊರಡೋ ದಿನ ಒಂದು ಅಂಗಿ, ಒಂದು ಪ್ಯಾಂಟು, ಒಂದು ಟವೆಲ್ ಹಾಕಿದ್ದಕ್ಕೇ ಚೀಲ ಗಡದ್ದಾತು. ಬೆನ್ನಿಗೇರಿಸಿ, ರಾಜನಂಗ ಹೊರಗ ಬಂದೆ. ವೈನಿ ಬಾಗಲದಾಗೇ ನಿಂತಿದ್ರು.

"ಜಾಗಾನೇ ಇಲ್ರಿ ವೈನಿ," ಅಂತ ಮೊದಲೇ ಬೆನ್ನು ತಿರುಗಿಸಿ ತೋರಿಸಿದೆ.

"ಅಯ್ಯ, ಛಲೋನೇ ಆತಲ್ಲಪ್ಪ! ಎಲ್ಲಾ ಬೆನ್ನಿಗೆ ಹೋತು, ಎರಡೂ ಕೈ ಖಾಲೀನೇ ಅದಾವ!"

ಅವರ ತಂಗಿ ಕಲಬುರ್ಗಿಯೊಳಗ ಹಡದಿದ್ಳು. ಅವರ ಮನಿತನದ ಕೂಸುಗಳೆಲ್ಲಾ ಒಂದೇ ತೊಟ್ಟಿಲದಾಗ ಮಲಗಬೇಕಂತ. ಆ ಕಟ್ಟಿಗಿ ತೊಟ್ಟಿಲಾ, ಅದಕ್ಕ ಜೋತುಬಿದ್ದ ಬಣ್ಣದ ಗಿಳಿಗಳ ಸಮೇತ, ನನ್ನ ಎರಡೂ ಕೈಯಾಗ ಬಂತು. ಎಳೇ ಕೂಸಿನ ಮಾತು, ಒಲ್ಲೆ ಅನ್ನೋದು ಹೆಂಗ? "ತಂಗಿ ಗಂಡ ನಿಮ್ಮನಿಗೇ ಬಂದು ಒಯ್ತಾನ" ಅಂತ ವೈನಿ ಧೈರ್ಯ ಹೇಳಿದ್ರು.

೪. ಗಂಡು ಬಂತು

ಕಲಬುರ್ಗಿ ಸ್ಟೇಷನ್‌ದಾಗ ಇಳಿದ್ರ, ಎದುರಿಗೆ ಈ ಹೊಸಾ ಸಂಬಂಧದ ಹುಡುಗಿ ಅಪ್ಪನೇ ಟಾಂಗಾ ತಗೊಂಡು ನಿಂತಾರ! "ರಾಹುಕಾಲ ಹತ್ರ ಬಂತು, ಮೊದಲು ನಮ್ಮನಿಗೇ ನಡೀರಿ" ಅಂದವರು, ನನ್ನ ಕೈ ನೋಡಿ ಗಿಳಿಗಳನ್ನ ಎಣಿಸಲಿಕತ್ರು. "ಇದು ನಂದಲ್ರಿ, ಬಾಜೂ ಮನಿಯವರದು" ಅಂದೆ. ಅವರು ಟಾಂಗಾ ಹತ್ತಿ ಒಂದು ಬದಿಗೆ ಸರದು ಕೂತ್ರು. ಟಾಂಗಾದಾಗ ಇಬ್ಬರ ನಡುವ ತೊಟ್ಟಿಲಾ, ದಾರಿಯುದ್ದಕ್ಕೂ ಗಿಳಿಗಳ ಟಕಟಕ. ಆತು, ಇದೂ ಹೋತು, ಇನ್ನ ಸನ್ಯಾಸಾನೇ ಗತಿ ಅಂತ ಮನಸ್ಸಿನ್ಯಾಗೇ ಅಂದ್ಕೊಂಡೆ.

ಮನಿ ಪಡಸಾಲಿ ತುಂಬ ಮಂದಿ. ನಾ ತೊಟ್ಟಿಲಾ ಹಿಡಕೊಂಡು ಒಳಗ ಕಾಲಿಟ್ಟ ಕೂಡ್ಲೆ ಎಲ್ಲಾರೂ ನನ್ನ ಕಡೆ ಹೊಳ್ಳಿ ನೋಡಿದ್ರು. ಹುಡುಗಿ ಅಜ್ಜಿ ಕೋಲೂರಿಕೊಂಡು ಎದ್ದು ಬಂದು, ತೊಟ್ಟಿಲಾ ನೋಡಿ, ನನ್ನ ನೋಡಿ, ಮಗನ ಕಡೆ ತಿರುಗಿದ್ಳು.

"ಲಗೂನ ಹೂಂ ಅಂದುಬಿಡಪ್ಪ. ಇನ್ನೂ ಹುಡುಗಿ ಮುಖಾ ನೋಡಿಲ್ಲ, ಆಗಲೇ ತೊಟ್ಟಿಲಾ ತಂದಾನ. ತಡಾ ಮಾಡಿದ್ರ, ಮುಂದಿನ ಸಲ ಕೂಸನ್ನೂ ಎತ್ತಿಕೊಂಡೇ ಬರ್ತಾನ!"