ನಿಪ್ಪಾಣಿ ಮನಿ ಗ್ಯಾಲರಿ ತಪಾಸಣಿ

ಬರ್ರಿ, ಗ್ವಾಡಿಗೆ ಬೆನ್ನ ಹಚ್ಚಿ ಆರಾಮ ಕೂಡ್ರಿ. ಹಳೇ ಮನಿ ಅಂದಮ್ಯಾಲೆ ಏನರೆ ಒಂದು ತಮಾಷೆ ನಡದ ಇರತೈತಿ. ನಮ್ಮ ನಿಪ್ಪಾಣಿ ಮನಿಯೊಳಗ ಮಾತ್ರ ಎಲ್ಲಾ ತಮಾಷೆ ಗ್ಯಾಲರಿ ಮ್ಯಾಲೇ ನಡದಾವ.

ಮಾಳಿಗಿಯಿಂದ ಓಣಿ ಕಡೆ ಚಾಚಿದ ಕಟ್ಟಿಗಿ ಗ್ಯಾಲರಿ ಅದು. ಆಗಿನ್ನೂ ನಮ್ಮ ಓಣಿಗೆ ಟಿವಿ ಬಂದಿದ್ದಿಲ್ಲ. ಅತ್ತಿಯವರು, ನಾನು, ನನ್ನ ನೆಗೆಣ್ಣಿ, ಮೂವರಿಗೂ ಊರು ಕಾಣಸೂದು ಅಲ್ಲಿಂದಷ್ಟ. ಒಂದಿನ ಎದುರು ಮನಿ ಗ್ಯಾಲರಿ ಹಲಗಿ ಕಳಚಿ ಬಾಳಿಹಣ್ಣಿನ ಗಾಡಿ ಮ್ಯಾಲೆ ಬಿತ್ತು. ಮಾವಾರು ಊಟಕ್ಕ ಕುಂತಾವರು ಅಂದ್ರು: "ನಮ್ಮದನ್ನೂ ತಪಾಸ ಮಾಡಸ್ತೀನಿ. ಗಟ್ಟಿ ಇಲ್ಲಂದ್ರ ಕಿತ್ತ ಒಗಸೂದ."

ನಾನು ಬಡಿಯಾಕ ಹತ್ತಿದ ರೊಟ್ಟಿ ಅಲ್ಲೇ ಹರೀತು.

ಬಡಿಗ್ಯಾ ಬಂದ

ಬಡಿಗ್ಯಾಗ ಮೊದಲ ಅಡಿಗಿಮನಿಗೆ ಕರದು ತುಪ್ಪದ ಶಿರಾ ತಿನ್ನಿಸಿದಿವಿ. ಆಮ್ಯಾಲೆ ಅವ ಮ್ಯಾಲೆ ಹೋಗಿ ಸುತ್ತಿಗಿಲೆ ಬಡದರ ಪುಡಿ ಉದುರಾಕ ಹತ್ತಿತು. ಕೆಳಗ ನಿಂತಿದ್ದ ಮಾವಾರು, "ಏನಲೇ ಇದು, ಹುಳಾ ಹತ್ತೈತೇನು?" ಅಂದ್ರು. ಶಿರಾ ತಿಂದಾಂವ ಅಡಿಗಿಮನಿ ಕಡೆ ಮಾರಿ ತಿರುವಿದ.

ಒಳಗಿಂದ ಅತ್ತಿಯವರು, "ತಂಬಾಕದ ಧೂಳ್ರಿ ಅದು" ಅಂದ್ರು. ನಮ್ದು ತಂಬಾಕದ ವ್ಯಾಪಾರ, ಧೂಳಿಗೇನ ಕಡಿಮಿ?

ಮಾವಾರು ಒಂದು ಚಿಟಿಗಿ ಮೂಗಿಗೆ ಹಿಡದು ಎಳಕೊಂಡ್ರು. "ಸೀನ ಬರವಲ್ತಲ್ಲ?"

"ಹಳೇ ಮಾಲ್ರಿ. ಖಾರ ಹೋಗಿರತೈತಿ."

ನಾದಿನಿ ನಿಂತಳು

ಮಾವಾರಿಗೆ ಸಮಾಧಾನ ಆಗಲಿಲ್ಲ. "ಗ್ಯಾಲರಿ ಮ್ಯಾಲೆ ತಂಬಾಕದ ಚೀಲಾ ಒಟ್ಟಿ ನೋಡೂಣು, ಭಾರ ತಡೀತೈತೋ ಇಲ್ಲೋ" ಅಂದ್ರು. ಹಮಾಲರು, "ಚೀಲಾ ಇಡ್ತೀವ್ರಿ, ನಾವು ಮ್ಯಾಲೆ ಹೋಗೂದಿಲ್ಲ" ಅಂದ್ರು.

ಅಷ್ಟರಾಗ ಬೇಡಕಿಹಾಳಕ್ಕ ಕೊಟ್ಟ ನನ್ನ ನಾದಿನಿ ತವರಿಗೆ ಬಂದಳು. ಮೈಕೈ ತುಂಬಿದಾಕಿ. ಓಣ್ಯಾಗ ಮದವಿ ಬ್ಯಾಂಡ ಕೇಳಿದ್ದ ತಡ, ಗ್ಯಾಲರಿಗೆ ಓಡಿ ಕಟಕಟಿ ಮ್ಯಾಲೆ ಬಾಗಿ ನಿಂತಳು. ಹಲಗಿ "ಕರ್ರ್" ಅಂತು. ನಾವು ಕಣ್ಣ ಮುಚ್ಚಿದಿವಿ. ಮಾವಾರು ಚಪ್ಪಾಳಿ ಹೊಡದು, "ಎರಡು ಚೀಲಾ ಇಟ್ಟಂಗ ಆತು. ಪಾಸ್!" ಅಂದ್ರು.

ನಾದಿನಿ ಮಾರಿ ಗಂಟ ಹಾಕಿದಳು. ಊಟಾ ಬಿಟ್ಟು ಕುಂತಳು. ನಾನು ರಮಿಸಾಕ ಹೋದ್ರ ಕೇಳತಾಳ: "ಚೀಲಾ ಅಂದಿದ್ದಕ್ಕ ಸಿಟ್ಟಿಲ್ಲ ವೈನಿ. ಛಲೋ ತಂಬಾಕದ ಚೀಲಾ ಅಂದ್ರೋ, ಅಗ್ಗದ ಕಡ್ಡಿ ಚೀಲಾ ಅಂದ್ರೋ?"

ಮಾವಾರ ಕಾಲು

ಪಾಸ್ ಅಂದ್ರೂ ಆ "ಕರ್ರ್" ಮಾವಾರ ತಲಿಯಿಂದ ಹೋಗಲಿಲ್ಲ. ಕಡೀಕ ಖುದ್ದ ಹೋಗಿ ಹಲಗಿಗೆ ಹಿಮ್ಮಡಿ ಗುದ್ದಿದ್ರು. ಕಾಲು ತೊಡಿತನಕ ಪಾರ! ಮ್ಯಾಲೆ ಮಾವಾರು, ಓಣ್ಯಾಗ ಅವರ ಕಾಲು. ಸೊಸಿ ನಾನು, ಅವರನ್ನ ಹಿಡದು ಎಳೀಲೇನು? ಬಡಿಗ್ಯಾಗ ಹೇಳಿ ಕಳಿಸಿದೆ.

ಅಷ್ಟರಾಗ ನೆಗೆಣ್ಣಿ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬಂದಳು. ಜೋತಾಡೂ ಕಾಲು ಕಂಡಿದ್ದ ತಡ, ಡಬ್ಬಿ ಇಳಿಸಿ, ತಲಿ ತುಂಬ ಸೆರಗು ಹೊತ್ತು, ಕಾಲಿಗೆ ನಮಸ್ಕಾರ ಮಾಡಿ ಒಳಗ ಬಂದಳು.

"ಕಾಲ ನೋಡಿ ಮಾವಾರಂತ ಹೆಂಗ ಗೊತ್ತಾತಬೇ?"

"ಲಗ್ನಾಗಿ ಬಂದಾಗಿಂದ ಅವರ ಮುಂದ ತಲಿ ಎತ್ತೀನೇನಕ್ಕಾ? ನನಗ ಗೊತ್ತಿರೂದ ಅವರ ಕಾಲಷ್ಟ!"

ಬಡಿಗ್ಯಾ ಬರೂದು ತಡಾ ಆತು. ಮಾವಾರು ಚಾ ಕುಡಕೋತ ಓಣಿ ನೋಡಾಕ ಹತ್ತಿದ್ರು. ಸ್ವಲ್ಪ ಹೊತ್ತಿಗೆ ನಗೂದು ಕೇಳಿಸ್ತು. "ಏನ, ಕೇಳತೈತೇನ? ಈ ಬಳಿಗಾರ ದಿನಾ ಹಿಂಗ ಜಗಳಾಡ್ತಾನ?"

ಅತ್ತಿಯವರು ಒಳಗಿಂದ, "ತಡೀರಿ, ಈಗ ಮೂಲಿಮನಿಯಾಕಿ ಬರ್ತಾಳ. ಆಮ್ಯಾಲೆ ನೋಡ್ರಿ ಮಜಾ" ಅಂದ್ರು.

ಬಡಿಗ್ಯಾ ಬಂದು ಕಾಲು ಬಿಡಿಸಿ, "ಕಿತ್ತ ಹಾಕ್ಲೇನ್ರಿ?" ಅಂದ.

"ಕೀಳತಿ ಯಾಕಲೇ? ಹೊಸಾ ಹಲಗಿ ಹಾಕು. ಖುರ್ಚಿ ಹಿಡಿಯೂಹಂಗ ಅಗಲ ಮಾಡು."

ಆಮ್ಯಾಲೆ ಏನಾತಂದ್ರ, ಬಡಿಗ್ಯಾಗ ಓಣಿ ತುಂಬ ಗ್ಯಾಲರಿ ಕೆಲಸಾ ಸಿಕ್ತು. ಯಾರ ಮನಿಗೆ ಹೋದ್ರೂ ಮೊದಲ ಅಡಿಗಿಮನಿ ಕಡೆ ಹಣಿಕಿ ಹಾಕ್ತಿದ್ದ. ನಾದಿನಿ ಈಗೂ ಗ್ಯಾಲರಿಗೆ ಬಂದ್ರ, "ಸರೀರಿ, ಚೀಲಾ ಬಂತು" ಅಂತಾಳ. ಮಾವಾರು ಇರೂತನಕ ದಿನಾ ಸಂಜಿಕ ಅಲ್ಲೇ ಕುಂತ್ರು. ಮಂದಿ ಮುಂದ ಗಂಡನ ಬಾಜೂಕ ಎಂದೂ ಕೂಡ್ರದ ಅತ್ತಿಯವರಿಗೆ ತಾವ ಇನ್ನೊಂದು ಖುರ್ಚಿ ಹಾಕ್ಸಿದ್ರು. ನಮಗೂ, "ಬರ್ರಿ, ಸೆರಗ ಅಡ್ಡ ಬಂದ್ರ ಓಣಿ ಹೆಂಗ ಕಾಣತೈತಿ?" ಅಂದ್ರು.

ಆವತ್ತ ನೆಗೆಣ್ಣಿ ಮೊದಲನೇ ಸಲ ತಲಿ ಎತ್ತಿ ನೋಡಿ, ನನ್ನ ಕಿವಿಯೊಳಗ ಅಂದಳು: "ಅಕ್ಕಾ, ನಮ್ಮ ಮಾವಾರಿಗೆ ಮೀಸಿ ಅದಾವ!"