ಸೀರಿಯಲ್ ಕಂಪನಿಯ ಅನ್ನ

ನಾನು ಕೆಲಸ ಮಾಡುವುದು ಟಿವಿ ಸೀರಿಯಲ್ ತೆಗೆಯುವ ಒಂದು ದೊಡ್ಡ ಕಂಪನಿಯಲ್ಲಿ. ಊಟ, ಗಾಡಿ, ಶೂಟಿಂಗಿಗೆ ಮನೆ ಹೊಂದಿಸುವುದು ನನ್ನ ಪಾಲಿನ ಕೆಲಸ. ನಮ್ಮ ಸೀರಿಯಲ್ಲಿನ ಶೂಟಿಂಗು ಕಾರವಾರ, ಅಂಕೋಲಾ ಕಡೆಗೇ ಬಂದ ಮೇಲೆ ನನಗೆ ನಗಲಿಕ್ಕೆ ಬೇರೆ ಸೀರಿಯಲ್ ಬೇಕಾಗಿಲ್ಲ.

ಮೀನುಪೇಟೆಯಲ್ಲಿ

ಕಾರವಾರದ ಮೀನುಪೇಟೆಯಲ್ಲಿ ನನಗೆ ಯಾವಾಗಲೂ ಮೀನು ಕೊಡುವ ಹೆಂಗಸು ಒಂದು ದಿನ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ನಿಂಗೆ ಬಂಗಡೆ ಇಲ್ಲ."

"ಯಾಕೆ ಅಕ್ಕಾ? ಬುಟ್ಟಿ ತುಂಬ ಇದೆಯಲ್ಲ!"

"ಆ ಬಸುರಿ ಹೆಣ್ಣನ್ನ ನಿನ್ನೆ ಮನೆಯಿಂದ ಹೊರಗೆ ಹಾಕಿದ್ರಿ. ಇವತ್ತು ಬಂಗಡೆ ತಿನ್ನೂಕೆ ಬಂದೆಯಾ?"

ಹೊರಗೆ ಹಾಕಿದ್ದು ಸೀರಿಯಲ್ಲಿನ ಅತ್ತೆ. ಕಥೆ ಬರೆಯುವವರು ಬೇರೆ, ನಾನು ಬರೀ ಊಟದ ವ್ಯವಸ್ಥೆ ನೋಡುವವನು ಎಂದು ಬೇಡಿಕೊಂಡೆ. ಅವಳ ಮುಖ ಸ್ವಲ್ಪ ಅರಳಿತು. ಬಂಗಡೆ ಕಟ್ಟಿಕೊಟ್ಟು, ಹತ್ತಿರ ಬಗ್ಗಿ ಹೇಳಿದಳು:

"ಹಾಂಗಾದ್ರೆ ಅತ್ತೆಗೆ ಎರಡು ದಿವಸ ಊಟ ಹಾಕಬೇಡ ತಮಾ."

ಅಮ್ಮನ ಕಣ್ಣು

ಕಂಪನಿಯನ್ನು ಬರೀ ದೂರಿದರೆ ಪಾಪ ಬರುತ್ತದೆ. ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದು ಕಂಪನಿಯ ವಿಮೆಯಲ್ಲೇ. ಅಲ್ಲಿಯವರೆಗೆ ಅಮ್ಮ ನಮ್ಮ ಸೀರಿಯಲ್ಲನ್ನು ಟಿವಿಗೆ ಮೂಗು ತಾಗಿಸಿ ನೋಡುತ್ತಿದ್ದಳು. ನಮ್ಮ ಕೇರಿ ಹಬ್ಬುವಾಡದ ನೆರೆಹೊರೆಯಲ್ಲೆಲ್ಲ ಅದನ್ನು ಹೊಗಳಿಯೂ ಬರುತ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಮೊದಲ ಸಲ ದೂರದ ಕುರ್ಚಿಯಲ್ಲಿ ಕೂತು ನೋಡಿದಳು. ನಾನು ಪಕ್ಕದಲ್ಲೇ ಕೂತಿದ್ದೆ.

"ಸಮ ಕಾಣ್ತದಾ ಅಮ್ಮಾ?"

"ಕಾಣ್ತದೆ ಮಗಾ," ಎಂದು ನಿಟ್ಟುಸಿರು ಬಿಟ್ಟಳು. "ಎಲ್ಲರೂ ಮುಖಕ್ಕೆ ಸುಣ್ಣ ಬಳಕೊಂಡಾರೆ. ಮೊದಲೇ ಚಲೋ ಇತ್ತು."

ಜವಾಬ್ದಾರಿ ಯಾರದು?

ಕಂಪನಿ ದೊಡ್ಡದಾದಷ್ಟೂ ತೀರ್ಮಾನ ಮಾಡುವವರು ದೂರ ಇರುತ್ತಾರೆ. ಕಡಲ ದಂಡೆಯಲ್ಲಿ ಮದುವೆ ಮಂಟಪ ಹಾಕಬೇಕೆಂದು ಹೆಡ್ ಆಫೀಸಿನಿಂದ ಅಪ್ಪಣೆಯಾಯಿತು. ಹುಣ್ಣಿಮೆಯ ದಿನ ನೀರು ಅಲ್ಲಿಯವರೆಗೆ ಏರುತ್ತದೆ ಎಂದೆ. ಯಾರೂ ಕೇಳಲಿಲ್ಲ. ಬಾಳೆಕಂಬದ ಸಮೇತ ಮಂಟಪ ಗೋವಾದ ಕಡೆ ಹೊರಟಿತು.

ಹೆಡ್ ಆಫೀಸಿನಿಂದ ಫೋನ್ ಬಂತು. "ಈ ಹಾನಿಗೆ ಜವಾಬ್ದಾರಿ ಯಾರು?"

"ಸಮುದ್ರ, ಸರ್."

ಬರೆದುಕೊಳ್ಳುವ ಸದ್ದು ಕೇಳಿಸಿತು. "ಅವರು ಯಾವ ಡಿಪಾರ್ಟ್‌ಮೆಂಟು?"

ಜಗಲಿಯ ಮೇಲೆ

ನಮ್ಮ ಸೀರಿಯಲ್ಲಿನಲ್ಲಿ ಅಜ್ಜನ ಪಾತ್ರ ಮಾಡುತ್ತಿದ್ದ ಹಿರಿಯ ನಟರೊಬ್ಬರಿದ್ದರು. ಖರ್ಚು ಇಳಿಸಬೇಕು, ಅಜ್ಜನನ್ನು ಸಾಯಿಸಿ ಎಂದು ಮೇಲಿನಿಂದ ಆಜ್ಞೆಯಾಯಿತು. ಆ ದಿನ ಬೆಳಿಗ್ಗೆ ಅವರು ಚಹಾ ಕುಡಿಯುತ್ತ, "ಬೇರೆ ಯಾರೂ ಕರೀತಾ ಇಲ್ಲಪ್ಪ. ಇವತ್ತು ಸತ್ತರೆ ನಾಳೆಯಿಂದ ಮನೆಯಲ್ಲೇ," ಎಂದು ನಕ್ಕರು. ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದೆ.

ಶೂಟಿಂಗ್ ನಡೆಯುತ್ತಿದ್ದದ್ದು ಅಂಕೋಲಾದ ಬಾಳೆಗುಳಿಯ ಆಚೆ, ಒಬ್ಬ ಅಜ್ಜಿಯ ಮನೆಯಲ್ಲಿ. ನಟರನ್ನು ಜಗಲಿಯ ಚಾಪೆಯ ಮೇಲೆ ಮಲಗಿಸಿ ಮೂಗಿಗೆ ಹತ್ತಿ ಇಡುತ್ತಿದ್ದಂತೆ ಒಳಗಿನಿಂದ ಅಜ್ಜಿ ಓಡಿ ಬಂದಳು.

"ಏ! ನನ್ನ ಜಗಲಿ ಮೇಲೆ ಹೆಣ ಮಲಗಿಸೂದಾ? ತೆಗೀರಿ ಹತ್ತಿ!"

ನಿರ್ದೇಶಕರು ಕೈಮುಗಿದರು. "ಅಜ್ಜೀ, ಇದು ಸುಳ್ಳು ಸಾವು."

"ಸುಳ್ಳೇ ಆದ್ರೆ ಬದುಕಿಸಿ. ಅದಕ್ಕೆಂತ ಖರ್ಚು ನಿಮಗೆ?"

ಸುತ್ತಲಿನ ಮನೆಗಳಲ್ಲೂ ವಿಚಾರಿಸಿದೆವು. ಅಜ್ಜನನ್ನು ಸಾಯಿಸಲಿಕ್ಕೆ ಯಾರೂ ಜಾಗ ಕೊಡಲಿಲ್ಲ. ಬೆಳಕು ಇಳಿಯುತ್ತಿತ್ತು. ಹೆಡ್ ಆಫೀಸಿನ ಜೊತೆ ಫೋನಿನಲ್ಲಿ ಜಗಳವಾಡಿ ಜಗಳವಾಡಿ, ಕೊನೆಗೆ ಅಜ್ಜ ಸಾಯುವುದು ಬೇಡ, ಕೋಮಾಕ್ಕೆ ಹೋಗಲಿ ಎಂದಾಯಿತು.

ನಟರು ಅಂದಿನಿಂದ ಚಾಪೆಯ ಮೇಲೆಯೇ. ಮಾತಿಲ್ಲ, ಬಾಯಿಪಾಠ ಇಲ್ಲ, ಕೆಲಸ ಮಾತ್ರ ಉಳಿಯಿತು. ಅಜ್ಜಿ ದಿನಾ ಅವರಿಗೆ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಊಟವಾದ ಮೇಲೆ, ಸೊಸೆಯ ಪಾತ್ರದವಳು ಅವರ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅಳುವ ದೃಶ್ಯ. ಎಲ್ಲರ ಕಣ್ಣಲ್ಲೂ ನೀರು. ಅಷ್ಟರಲ್ಲಿ ಕೋಮಾದಿಂದ ಹೆಂಚು ಹಾರುವಂಥ ಗೊರಕೆ.

"ಕಟ್!" ನಿರ್ದೇಶಕರು ತಲೆ ಚಚ್ಚಿಕೊಂಡರು. "ಕೋಮಾದಲ್ಲಿದ್ದವರು ಹೀಗೆ ಗೊರಕೆ ಹೊಡೀತಾರೇನ್ರೀ?"

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಾಯಿಗೆ ಬೆರಳಿಟ್ಟು ನಿರ್ದೇಶಕರನ್ನೇ ಗದರಿಸಿದಳು:

"ಶ್! ಹೊಡೀಲಿ ಬಿಡು ತಮಾ. ಜೀವ ಇದೆ ಅಂತ ಜನಕ್ಕೂ ಗೊತ್ತಾಗಲಿ."