ಒಂದು ಟೊಂಗೆಯ ಕೆಲಸ

ನನ್ನನ್ನು ಯಾರಾದರೂ ಕೆಲಸಕ್ಕೆ ಬಾರದವನು ಎಂದರೆ ಸಹಿಸಿಕೊಳ್ಳಬಲ್ಲೆ. ಇಷ್ಟು ವರ್ಷದ ಸಂಸಾರ ಅಷ್ಟನ್ನಾದರೂ ಕಲಿಸಿದೆ. ಆದರೆ ನನ್ನ ಕೈಯಲ್ಲಿರುವ ಹತಾರವನ್ನು ಹಾಗೆಂದರೆ ಆ ದಿನ ನನಗೆ ಊಟ ಸೇರುವುದಿಲ್ಲ. ಹುಬ್ಬಳ್ಳಿಯ ಒಂದು ತಾಂತ್ರಿಕ ಶಾಲೆಯಲ್ಲಿ ನಿವೃತ್ತಿಯವರೆಗೂ ಹುಡುಗರಿಗೆ ಅರ ಹಿಡಿದು ಕಬ್ಬಿಣ ಉಜ್ಜುವುದನ್ನು ಕಲಿಸಿದವನು ನಾನು. ಕಲಿತವರು ಎಲ್ಲೆಲ್ಲಿಗೋ ಹೋದರು, ಕಲಿಸಿದ ಜಂಬ ಮಾತ್ರ ನನ್ನ ಹತ್ತಿರವೇ ಉಳಿಯಿತು. ಆ ಜಂಬ ಒಂದು ಪೇರಲ ಗಿಡಕ್ಕೆ ಏನು ಮಾಡಿತು ಎಂಬುದನ್ನು ನಾನೇ ಹೇಳಿಬಿಡುತ್ತೇನೆ. ಓಣಿಯವರು ಇನ್ನೂ ಕೆಟ್ಟದಾಗಿ ಹೇಳುತ್ತಾರೆ, ಬಹುಶಃ ನಿಜವನ್ನೇ ಹೇಳುತ್ತಾರೆ.

ಗಿಡ ಪಕ್ಕದ ಮನೆಯ ಕಮಲಕ್ಕನವರದು. ಅವರು ನಿವೃತ್ತ ಶಿಕ್ಷಕಿ, ಉಣಕಲ್ಲಿನ ನಮ್ಮ ಓಣಿಗೆ ಎಲ್ಲರಿಗಿಂತ ಮೊದಲು ಬಂದವರು. ಪೇರಲ ಹಣ್ಣಾಗುವ ದಿನಗಳಲ್ಲಿ ಓಣಿಯ ಪ್ರತಿ ಮನೆಗೂ ಅವರಿಂದ ಒಂದು ಚೀಲ ಹೋಗುತ್ತಿತ್ತು. ಗಿಡದ ಒಂದು ಟೊಂಗೆ ಮಾತ್ರ ಕಂಪೌಂಡು ದಾಟಿ ನಮ್ಮ ಮಾಳಿಗೆಯ ಮೇಲೆ ಬಂದಿತ್ತು. ಗಿಳಿಗಳು ಅರ್ಧ ತಿಂದು ಬಿಟ್ಟ ಹಣ್ಣು ನನ್ನ ಹೆಂಡತಿ ಗಿರಿಜಾ ಒಣಹಾಕಿದ ಸಂಡಿಗೆಯ ಮೇಲೇ ಬೀಳುತ್ತಿತ್ತು. ನಾನು ಹೋಗಿ ಕೇಳಿದೆ. “ಅದೊಂದು ಟೊಂಗಿ ಕಡಕೋರಿ ಮಾಸ್ತರ. ಅಷ್ಟಕ್ಕ ಕೇಳೂದೇನೈತಿ?” ಎಂದರು.

ಆಳು ಕರೆಸಿದ್ದರೆ ಕೊಡಲಿಯಿಂದ ನಾಲ್ಕು ಏಟಿನ ಕೆಲಸ. ನಾನು ಫೋನಿನಲ್ಲಿ ನೋಡಿ ಬ್ಯಾಟರಿಯಿಂದ ನಡೆಯುವ ಮೊಳದುದ್ದದ ಚೈನ್ ಗರಗಸ ತರಿಸಿದೆ. ಸದ್ದೇನೋ ದೊಡ್ಡದಿತ್ತು. ಟೊಂಗೆಯೊಳಗೆ ಎರಡು ಬೆರಳಿನಷ್ಟು ಆಳ ಹೋಯಿತು, ಹೊಗೆ ಬಿಟ್ಟಿತು, ಸಿಕ್ಕಿಕೊಂಡು ನಿಂತಿತು. ಕೆಳಗೆ ಕಮಲಕ್ಕ ದವಡೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು. “ಮಾಸ್ತರ, ಹಲ್ಲಿಲ್ಲದಾಕಿ ಪೇರಲಹಣ್ಣು ತಿಂದಂಗ ಆತಲ್ರಿ ಇದು! ಹಲ್ಲು ನೋವಿಲೆ ಸಾಯಾಕತ್ತೇನಿ, ನಗಸಬ್ಯಾಡ್ರಿ.” ಅವರು ನಕ್ಕಿದ್ದು ಪ್ರೀತಿಯಿಂದಲೇ ಎಂದು ಈಗ ಅನಿಸುತ್ತದೆ. ಆಗ ಮಾತ್ರ ಮೂವತ್ತು ವರ್ಷ ನಾನು ಕಲಿಸಿದ ಹುಡುಗರೆಲ್ಲ ಒಟ್ಟಿಗೆ ನಕ್ಕಂತೆ ಕೇಳಿಸಿತು.

ಮರುದಿನವೇ ಕೇಶ್ವಾಪುರದಲ್ಲಿ ಮೋಟಾರು ರಿಪೇರಿ ಮಾಡುವ ದಸ್ತಗೀರಸಾಬನ ಅಂಗಡಿಗೆ ಹೋದೆ. ಅವನು ಗರಗಸಕ್ಕೆ ಚೈನು ಸುತ್ತುವ ತುಸು ಉದ್ದನೆಯ ಪಟ್ಟಿ, ಒಳ್ಳೆಯ ಚೈನು ಹಾಕಿಕೊಟ್ಟ. “ಸರ, ಒಂದೊಂದು ಹಲ್ಲಿನ ಮುಂದ ಈ ಸಣ್ಣ ಗುಬಟು ಐತಿ ನೋಡ್ರಿ, ಇದು ಹಲ್ಲಿಗೆ ಲಗಾಮು. ಎಷ್ಟು ಕಚ್ಚಬೇಕನ್ನೂದನ್ನ ಇದ ಹೇಳತೈತಿ. ಉಜ್ಜೂದಾದ್ರ ಕೂದಲೆಳಿಯಷ್ಟ ಉಜ್ಜರಿ. ಜಾಸ್ತಿ ಆತಂದ್ರ ಮಷೀನು ನಿಮ್ಮ ಮಾತು ಕೇಳೂದಿಲ್ಲ” ಎಂದ. ಅರ ಹಿಡಿಯುವುದನ್ನು ನನಗೇ ಹೇಳಿಕೊಡಲು ಬಂದನಲ್ಲ ಎಂದುಕೊಂಡು ಮನೆಗೆ ಬಂದೆ. ಮೂರು ದಿನ ಪಡಸಾಲೆಯಲ್ಲಿ ಕೂತು, ದುಂಡನೆಯ ಅರದಿಂದ ಒಂದೊಂದೇ ಹಲ್ಲನ್ನು ಮಸೆದೆ. ಲಗಾಮನ್ನೂ ಉಜ್ಜಿದೆ. ಒಂದು ಕೂದಲೆಳೆಯಷ್ಟು, ಆಮೇಲೆ ಇನ್ನೊಂದು, ಆಮೇಲೆ ಎಣಿಸಲಿಲ್ಲ. “ಅಡಗಿಮನ್ಯಾಗಿನ ಈಳಿಗಿ ಮೊಂಡಾಗಿ ಆರು ತಿಂಗಳಾತ್ರಿ” ಎಂದಳು ಗಿರಿಜಾ. ಅದು ಬೇರೆ ವಿಷಯ ಎಂದೆ.

ಯಂತ್ರ ಸಿದ್ಧವಾದ ದಿನ ಕಮಲಕ್ಕ ದವಡೆಹಲ್ಲು ಕೀಳಿಸಿಕೊಳ್ಳಲು ವಿದ್ಯಾನಗರಕ್ಕೆ ಹೋಗಿದ್ದರು. “ಅವರು ಬರೂತನಕಾ ತಡೀರಿ” ಎಂದಳು ಗಿರಿಜಾ. “ಒಂದು ಟೊಂಗಿ. ಅವರು ಬರೂದ್ರಾಗ ಮುಗಿದಿರತೈತಿ” ಎಂದು ಏಣಿ ಹೊತ್ತುಕೊಂಡು ಅವರ ಅಂಗಳಕ್ಕೆ ಹೋದೆ.

ಎಂಟು ಎಣಿಸುವುದರೊಳಗೆ ಟೊಂಗೆ ನೆಲದ ಮೇಲಿತ್ತು. ಸವತೆಕಾಯಿ ಹೆಚ್ಚಿದಂತೆ ಕಡಿಯಿತು. ನನ್ನ ಕೈಕೆಲಸ ಹೀಗೆ ಫಲ ಕೊಟ್ಟದ್ದನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಕೆಳಗಿಳಿದು ನೋಡಿದರೆ ಗಿಡ ಒಂದು ಕಡೆಗೆ ವಾಲಿದಂತೆ ಕಂಡಿತು. ಸರಿಮಾಡೋಣ ಎಂದು ಆಚೆ ಬದಿಯ ಟೊಂಗೆಯನ್ನೂ ಇಳಿಸಿದೆ. ಗಿರಿಜಾಳನ್ನು ನೋಡಲು ಹೋಗುವ ದಿನ ಬೆಳಿಗ್ಗೆ ನಾನು ಮೀಸೆಯ ಎರಡೂ ಬದಿಯನ್ನು ಸರಿದೂಗಿಸುತ್ತ ಹೋಗಿ ಕೊನೆಗೆ ಮೀಸೆಯೇ ಇಲ್ಲದೆ ಹೆಣ್ಣಿನ ಮನೆ ಹೊಕ್ಕಿದ್ದೆ. ಆ ದಿನ ಬುದ್ಧಿ ಬಂದಿತ್ತು, ಉಳಿಯಲಿಲ್ಲ. ಮೂರನೆಯದು, ನಾಲ್ಕನೆಯದು ಹೀಗೆಯೇ ಹೋದವು. ಎದೆಯೆತ್ತರದ ಬೊಡ್ಡೆಯೊಂದು ಉಳಿಯಿತು. ಇಲ್ಲಿ ನಾನು ಸುಳ್ಳು ಹೇಳಬಹುದು. ಗಿಡಕ್ಕೆ ಹುಳ ಹಿಡಿದಿತ್ತು ಎನ್ನಬಹುದು, ಯಂತ್ರ ಕೈಮೀರಿತು ಎನ್ನಬಹುದು. ಎರಡೂ ಅಲ್ಲ. ಇಷ್ಟು ದಪ್ಪದ್ದನ್ನೂ ಕಡಿಯುತ್ತದೆಯೇ ನೋಡೋಣ ಎನ್ನಿಸಿತು, ಅಷ್ಟೆ. ಕಡಿಯಿತು.

ಬಾಗಿಲಲ್ಲಿ ಆಟೋ ನಿಂತಿತು. ಕಮಲಕ್ಕ ಒಳಗೆ ಬಂದು ಮೊಣಕಾಲೆತ್ತರದ ಬೊಡ್ಡೆಯನ್ನು ನೋಡಿದರು. ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡಿದ್ದರು, ಮಾತಾಡುವಂತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಏನೆಂದೆ ಗೊತ್ತೇ? “ಈಗ ಛಲೋ ಕಡೀತೈತ್ರಿ ಅಕ್ಕಾರ” ಎಂದೆ. ಅವರು ಕೈಚೀಲವನ್ನು ಕಟ್ಟೆಯ ಮೇಲಿಟ್ಟು, ಕುಕ್ಕರಗಾಲಿನಲ್ಲಿ ಕೂತು, ಎಲೆಗಳ ನಡುವೆ ಬಿದ್ದಿದ್ದ ಕಾಯಿಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳತೊಡಗಿದರು. ಗಿರಿಜಾ ಬಂದು ಅವರ ಪಕ್ಕದಲ್ಲಿ ಕೂತು ಆರಿಸಿದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನು ಯಂತ್ರ ಹಿಡಿದುಕೊಂಡು, ಯಾರೋ ಕರೆಸಿದ ಆಳಿನ ಹಾಗೆ ನಿಂತಿದ್ದೆ.

ಮೂರನೆಯ ದಿನ ತಪ್ಪೊಪ್ಪಿಕೊಳ್ಳಲು ಹೋದೆ. ಕಮಲಕ್ಕ ಚಹಾ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಕುಡಿಯಬಹುದಿತ್ತು.

“ಬೊಡ್ಡಿ ಜೀವಂತ ಐತ್ರಿ ಅಕ್ಕಾರ. ಮತ್ತ ಚಿಗೀತೈತಿ” ಎಂದೆ.

“ಚಿಗೀತೈತಿ ಬಿಡ್ರಿ ಮಾಸ್ತರ. ಕಾಯಿ ಬಿಡಾಕ ಮೂರ್ನಾಲ್ಕು ವರ್ಷ ಬೇಕು. ನನಗ ಈಗ ಎಪ್ಪತ್ತೆಂಟು” ಎಂದು ಖಾಲಿಯಾಗದ ನನ್ನ ಕಪ್ಪನ್ನು ಒಳಗೆ ಒಯ್ದರು. ಅಂದು ಸಂಜೆ ನಮ್ಮ ಮನೆಗೆ ಎಂದಿನಂತೆ ಒಂದು ಚೀಲ ಬಂತು. ಕಾಯಿಗಳು ಇನ್ನೂ ಹಸಿಯಿವೆ, ಅಕ್ಕಿಯ ಡಬ್ಬಿಯಲ್ಲಿಟ್ಟರೆ ಹಣ್ಣಾಗುತ್ತವೆ ಎಂದು ಗಿರಿಜಾಳಿಗೆ ಹೇಳಿದರಂತೆ. ಹಣ್ಣಾದವು. ಗಿರಿಜಾ ಹೆಚ್ಚಿ ನನ್ನ ಮುಂದಿಟ್ಟಳು, ತಾನು ಮುಟ್ಟಲಿಲ್ಲ. ಸಿಹಿಯಾಗಿಯೇ ಇದ್ದವು. ಕಹಿಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊನ್ನೆ ಭಾನುವಾರ ಓಣಿಯ ಆ ತುದಿಯ ಮನೆಯವರೊಬ್ಬರು ಬಂದರು. “ಸರ, ನಿಮ್ಮ ಮಷೀನು ಭಾರೀ ಐತಂತಲ್ಲ! ನಮ್ಮನಿ ಮುಂದೊಂದು ಬೇವಿನ ಗಿಡ ಐತ್ರಿ. ಗಾಡಿ ಮ್ಯಾಲೆ ಬರೇ ಎಲಿ ಉದರತಾವು” ಎಂದರು. ನಿವೃತ್ತಿಯಾದ ಮೇಲೆ ನನ್ನ ಕೆಲಸವನ್ನು ಹೊಗಳಿಕೊಂಡು ಮನೆಬಾಗಿಲಿಗೆ ಬಂದ ಮೊದಲ ಮನುಷ್ಯ. ಗಿರಿಜಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಗುವುದಿಲ್ಲ ಎಂದು ಹೇಳಲೆಂದೇ ನಾನು ಬಾಯಿ ತೆರೆದೆ, ನಂಬಿ.

“ಬೊಡ್ಡಿ ಎಷ್ಟು ದಪ್ಪ ಐತ್ರಿ?” ಎಂದು ಕೇಳಿತು ಬಾಯಿ.